ಕೆಳಗಿನ ಕೋರ್ಟಿನಲ್ಲಿ ಕಂಡ ಹೆಣ್ಣುಮಕ್ಕಳು ಹೈಕೋರ್ಟಿನಲ್ಲಿ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಮೇಡಂ, ನಾನು ಗಂಗಾವತಿಯವಳು, ವಯಸ್ಸು 27. ವಕೀಲಿಕೆಯ ಸನ್ನದು ಸಿಕ್ಕು ಮೂರು ವರ್ಷ ಆಯಿತು. ಕೊಪ್ಪಳದ ಸೀನಿಯರ್ ಒಬ್ಬರ ಹತ್ತಿರ ಜೂನಿಯರ್ ಆಗಿದ್ದೇನೆ. ನಮ್ಮ ಕಡೆಯ ಕೋರ್ಟುಗಳಲ್ಲಿ ಮಹಿಳಾ ನ್ಯಾಯಾಧೀಶರು ಕಡಿಮೆಯೇನಿಲ್ಲ. ಹೋದ ತಿಂಗಳು ಸೀನಿಯರ್ ಜೊತೆ ಮೊದಲ ಸಲ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದೆ. ಆ ದಿನ ಬೋರ್ಡಿನಲ್ಲಿ ನನಗೆ ಕಂಡದ್ದು ಒಬ್ಬರೇ ಮಹಿಳಾ ನ್ಯಾಯಮೂರ್ತಿಯ ಹೆಸರು. ಇಲ್ಲಿ ಇಷ್ಟು ಜನ ಇರುವವರು ಅಲ್ಲಿಗೆ ಹೋಗುವಷ್ಟರಲ್ಲಿ ಎಲ್ಲಿ ನಿಂತುಬಿಡುತ್ತಾರೆ? ಹೈಕೋರ್ಟಿನಲ್ಲಿ ಹೆಣ್ಣು ಕೂತರೆ ನಿಜವಾಗಿ ಏನಾದರೂ ಬದಲಾಗುತ್ತದೆಯೇ? ಮನೆಯಲ್ಲಿ ಸಿವಿಲ್ ಜಡ್ಜ್ ಪರೀಕ್ಷೆ ಬರಿ ಅಂತಾರೆ, ಸೀನಿಯರ್ ಪ್ರಾಕ್ಟೀಸ್ ಬಿಡಬೇಡ ಅಂತಾರೆ. ಹೈಕೋರ್ಟಿನ ಆಸೆ ಇಟ್ಟುಕೊಂಡವಳು ಯಾವ ದಾರಿ ಹಿಡಿಯಬೇಕು?

ಉತ್ತರ:

ತಂಗಿ, ನೀವು ನೋಡಿದ್ದು ಆ ಒಂದು ದಿನದ ಬೋರ್ಡಿಗೆ ಸೇರಿದ ಸಂಗತಿಯಲ್ಲ. ಸುಪ್ರೀಂ ಕೋರ್ಟಿನ ಸಂಶೋಧನಾ ಕೇಂದ್ರ 2023ರಲ್ಲಿ ಹೊರತಂದ ವರದಿಯ ಪ್ರಕಾರ ದೇಶದ ಜಿಲ್ಲಾ ನ್ಯಾಯಾಂಗದಲ್ಲಿ ಮಹಿಳೆಯರು ಶೇ 36.3ರಷ್ಟಿದ್ದರು. ಹೈಕೋರ್ಟುಗಳಲ್ಲಿ ಶೇ 13.4, ಸುಪ್ರೀಂ ಕೋರ್ಟಿನಲ್ಲಿ ಶೇ 9.3. ಎಲ್ಲೋ ನಡುವೆ ಒಂದು ಜರಡಿ ಇದೆ ಎಂಬ ನಿಮ್ಮ ಅನುಮಾನ ನಿಜ. ಅದು ಎಲ್ಲಿದೆ ಎಂದು ನಿಮಗೆ ಗೊತ್ತಾಗಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು 1998ರಲ್ಲಿ ವಕೀಲಳಾಗಿ ಬಳ್ಳಾರಿಯ ಬಾರ್‌ಗೆ (ವಕೀಲರ ಬಳಗಕ್ಕೆ) ಬಂದಾಗಿನಿಂದ ಒಂದು ಸಮಾಧಾನದ ಮಾತು ಕೇಳುತ್ತಲೇ ಇದ್ದೇನೆ: "ಕೆಳಗಿನ ಕೋರ್ಟುಗಳಲ್ಲಿ ಹೆಣ್ಣುಮಕ್ಕಳು ತುಂಬ್ತಾ ಇದಾರಲ್ಲಮ್ಮ, ಇನ್ನು ಹತ್ತು ವರ್ಷ ತಡೀರಿ, ಅವರೇ ಹೈಕೋರ್ಟಿಗೂ ಬರ್ತಾರೆ." ಆ ಹತ್ತು ವರ್ಷ ಎರಡು ಸಲ ಮುಗಿದು ಹೋಯಿತು. ಈ ಮಾತು ಹೇಳುವವರು ಎರಡೂ ಕಡೆಯ ಬಾಗಿಲು ಒಂದೇ ಅಂದುಕೊಂಡಿದ್ದಾರೆ. ಸಿವಿಲ್ ನ್ಯಾಯಾಧೀಶರಾಗುವುದು ಪರೀಕ್ಷೆ ಬರೆದು. ಉತ್ತರ ಪತ್ರಿಕೆಗೆ ಗಂಡು ಹೆಣ್ಣು ಗೊತ್ತಿಲ್ಲ. ಹೈಕೋರ್ಟಿಗೆ ಪರೀಕ್ಷೆ ಇಲ್ಲ, ಅರ್ಜಿ ಇಲ್ಲ, ಮೀಸಲಾತಿಯೂ ಇಲ್ಲ. ಮುಖ್ಯ ನ್ಯಾಯಮೂರ್ತಿ ಮತ್ತು ಅವರ ನಂತರದ ಇಬ್ಬರು ಹಿರಿಯರು ಕೂತು ಹೆಸರು ಆರಿಸುತ್ತಾರೆ. ಹೀಗೆ ಹೆಸರು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಗುಂಪಿಗೇ ಕೊಲಿಜಿಯಂ ಎನ್ನುವುದು. ಆ ಹೆಸರು ಸರ್ಕಾರ, ಸುಪ್ರೀಂ ಕೋರ್ಟ್ ಕೊಲಿಜಿಯಂ ದಾಟಿ ರಾಷ್ಟ್ರಪತಿಗಳ ಸಹಿಗೆ ಹೋಗುತ್ತದೆ. ರೂಢಿಯಂತೆ ಮೂರರಲ್ಲಿ ಎರಡು ಪಾಲು ವಕೀಲರಿಂದ, ಒಂದು ಪಾಲು ಜಿಲ್ಲಾ ನ್ಯಾಯಾಧೀಶರಿಂದ. ಅಂದರೆ ನೀವು ಕೊಪ್ಪಳದಲ್ಲಿ ಕಾಣುವ ಹೆಣ್ಣುಮಕ್ಕಳೆಲ್ಲ ಮೇಲೆ ಹೋಗಬೇಕಾದರೆ ಆ ಮೂರನೇ ಒಂದು ಪಾಲಿನಲ್ಲೇ ನುಗ್ಗಬೇಕು. ಉಳಿದ ಎರಡು ಪಾಲು ವಕೀಲರದು. ವಕೀಲರಾಗಿ ನೋಂದಾಯಿಸಿಕೊಂಡವರಲ್ಲಿ ಮಹಿಳೆಯರು ಸುಮಾರು ಶೇ 15 ಎಂದು 2022ರಲ್ಲಿ ಕೇಂದ್ರ ಕಾನೂನು ಸಚಿವಾಲಯವೇ ಲೆಕ್ಕ ಕೊಟ್ಟಿತ್ತು.

ಆದರೆ ಅಸಲಿ ಜರಡಿ ವಯಸ್ಸಿನದು. ಎಷ್ಟು ಹೆಣ್ಣುಮಕ್ಕಳು ಹೈಕೋರ್ಟಿಗೆ ಬಂದರು ಎಂದು ಪತ್ರಿಕೆಗಳು ಬರೆಯುತ್ತವೆ. ಎಷ್ಟನೇ ವಯಸ್ಸಿಗೆ ಬಂದರು ಎಂದು ಯಾರೂ ಕೇಳುವುದಿಲ್ಲ. ಹೈಕೋರ್ಟ್ ನ್ಯಾಯಮೂರ್ತಿಗಳ ನಿವೃತ್ತಿ 62ಕ್ಕೆ. ಅಲ್ಲಿ ಹಿರಿತನ ಎಂದರೆ ಪ್ರಮಾಣವಚನ ಸ್ವೀಕರಿಸಿದ ದಿನದಿಂದ ಲೆಕ್ಕ. ಇಬ್ಬರು ಕೂಡಿ ಕೇಸು ಕೇಳುವ ವಿಭಾಗೀಯ ಪೀಠದಲ್ಲಿ ಯಾರು ಹಿರಿಯರಾಗಿ ಕೂರಬೇಕು, ಯಾವ ಸಮಿತಿಗೆ ಯಾರು, ಕೊಲಿಜಿಯಂನಲ್ಲಿ ಯಾರು, ಯಾರು ಬೇರೆ ರಾಜ್ಯಕ್ಕೆ ಮುಖ್ಯ ನ್ಯಾಯಮೂರ್ತಿಯಾಗಿ ಹೋಗುತ್ತಾರೆ, ಎಲ್ಲಕ್ಕೂ ಆ ತಾರೀಖೇ ಮೂಲ.

ಇದನ್ನು ನಮ್ಮ ಬಳ್ಳಾರಿಯದೇ ಉದಾಹರಣೆಯಿಂದ ಹೇಳುತ್ತೇನೆ. ನ್ಯಾಯಮೂರ್ತಿ ಮಂಜುಳಾ ಚೆಲ್ಲೂರ್ ಅಲ್ಲಂ ಸುಮಂಗಳಮ್ಮ ಮಹಿಳಾ ಕಾಲೇಜಿನಲ್ಲಿ ಓದಿದವರು. 1978ರಲ್ಲಿ ಬಳ್ಳಾರಿಯಲ್ಲಿ ವಕೀಲಿಕೆ ಶುರುಮಾಡಿದರು, ಇಲ್ಲಿನ ಮೊದಲ ಮಹಿಳಾ ವಕೀಲರು ಅವರೇ. 1988ರಲ್ಲಿ ವಕೀಲಿಕೆಯಿಂದಲೇ ಜಿಲ್ಲಾ ನ್ಯಾಯಾಧೀಶರಾಗಿ ನೇರ ನೇಮಕವಾದರು. ಆಗ ಅವರಿಗೆ 32 ವರ್ಷ. 2000ದ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಆಗ 44. ಮುಂದೆ ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ಕೈಯಲ್ಲಿತ್ತು. ಹಾಗಾಗಿಯೇ 2012ರಲ್ಲಿ ಕೇರಳದ, 2014ರಲ್ಲಿ ಕಲ್ಕತ್ತಾದ, 2016ರಲ್ಲಿ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಲು ಸಾಧ್ಯವಾಯಿತು. 1862ರಲ್ಲಿ ಶುರುವಾದ ಕಲ್ಕತ್ತಾ ಹೈಕೋರ್ಟಿಗೆ ಅವರು ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. 2017ರ ಏಪ್ರಿಲ್‌ನಲ್ಲಿ ಕೆಲವೇ ದಿನ ಬಾಂಬೆ, ಮದ್ರಾಸ್, ಕಲ್ಕತ್ತಾ, ದೆಹಲಿ ನಾಲ್ಕೂ ಹೈಕೋರ್ಟುಗಳ ನೇತೃತ್ವ ಹೆಣ್ಣುಮಕ್ಕಳ ಕೈಯಲ್ಲಿತ್ತು. ಅದರಲ್ಲಿ ಒಬ್ಬರು ನಮ್ಮ ಬಳ್ಳಾರಿಯವರು. ಆ ಸುದ್ದಿ ಓದಿದ ದಿನ ಬಾರ್ ರೂಮಿನಲ್ಲಿ ನಾನು ಎಲ್ಲರಿಗೂ ಮೈಸೂರು ಪಾಕ್ ಹಂಚಿದ್ದೆ.

ಈಗ ಇನ್ನೊಂದು ಲೆಕ್ಕ ಹಾಕಿ. 27ಕ್ಕೆ ಸಿವಿಲ್ ನ್ಯಾಯಾಧೀಶೆಯಾದ ಹುಡುಗಿ ಬಡ್ತಿಯ ಮೇಲೆ ಬಡ್ತಿ ಪಡೆದು ಜಿಲ್ಲಾ ನ್ಯಾಯಾಧೀಶೆಯಾಗುವ ಹೊತ್ತಿಗೆ ನಲವತ್ತರ ನಡುವಿಗೆ ಬಂದಿರುತ್ತಾಳೆ. ಸೇವಾ ಹಿರಿತನದ ಸಾಲಿನಲ್ಲಿ ನಿಂತು ಹೈಕೋರ್ಟಿಗೆ ಹೆಸರು ಹೋಗುವಾಗ 56, 57. ಮುಂದೆ ಉಳಿದದ್ದು ಐದು ವರ್ಷ. ಮೊದಲೆರಡು ವರ್ಷ ಹೆಚ್ಚುವರಿ ನ್ಯಾಯಮೂರ್ತಿ, ಅಂದರೆ ಇನ್ನೂ ಕಾಯಂ ಅಲ್ಲ. ವಿಭಾಗೀಯ ಪೀಠದಲ್ಲಿ ಸದಾ ಕಿರಿಯರ ಕುರ್ಚಿ. ಮೂವರು ಹಿರಿಯರ ಸಾಲಿಗೆ ಸೇರುವ ಮೊದಲೇ ಬೀಳ್ಕೊಡುಗೆಯ ಹಾರ. ನ್ಯಾಯಾಂಗ ಸೇವೆಯಿಂದ ಬಂದ ಗಂಡಸರಿಗೂ ಇದೇ ಪಾಡು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗಂಡಸರಿಗೆ 45ಕ್ಕೇ ಬಾರ್‌ನಿಂದ ನೇರ ಹೋಗುವ ಬಾಗಿಲು ಅಗಲವಾಗಿ ತೆರೆದಿದೆ, ಹೆಣ್ಣುಮಕ್ಕಳಿಗೆ ಅದೇ ಬಾಗಿಲು ಇಕ್ಕಟ್ಟು. ಹೀಗಾಗಿ ಹೈಕೋರ್ಟಿನ ಫೋಟೋದಲ್ಲಿ ಹೆಣ್ಣುಮಕ್ಕಳು ಕಾಣುತ್ತಾರೆ, ಹೆಸರು ಆರಿಸುವ ಕೋಣೆಯಲ್ಲಿ ಕಾಣುವುದಿಲ್ಲ. ಆ ಕೋಣೆಯಲ್ಲಿ ಅವರಿಲ್ಲದ್ದರಿಂದ ಮುಂದಿನ ಪಟ್ಟಿಯಲ್ಲೂ ಕಡಿಮೆಯಾಗುತ್ತಾರೆ.

ನ್ಯಾಯಮೂರ್ತಿ ಬಿ.ವಿ. ನಾಗರತ್ನ 45ನೇ ವಯಸ್ಸಿಗೆ, 2008ರಲ್ಲಿ, ನಮ್ಮ ಹೈಕೋರ್ಟಿಗೆ ಬಂದರು. 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹಿರಿತನದ ಪದ್ಧತಿ ಮುರಿಯದಿದ್ದರೆ 2027ರ ಸೆಪ್ಟೆಂಬರ್‌ನಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗುತ್ತಾರೆ, ತಿಂಗಳಿಗಿಂತ ಐದಾರು ದಿನ ಹೆಚ್ಚಿನ ಅವಧಿಗೆ. 45ಕ್ಕೆ ಬಂದವರಿಗೇ ಇಷ್ಟೇ ದಿನ ಸಿಗುವುದಾದರೆ 57ಕ್ಕೆ ಬರುವವರ ಗತಿ ನೀವೇ ಊಹಿಸಿ. ತಿರುವಾಂಕೂರಿನಲ್ಲಿ 1937ರಲ್ಲೇ ಮುನ್ಸೀಫರಾದ (ಕೆಳ ಹಂತದ ನ್ಯಾಯಾಧೀಶರಾದ) ಅನ್ನಾ ಚಾಂಡಿ ಕೇರಳ ಹೈಕೋರ್ಟಿಗೆ ಹೋದದ್ದು 1959ರಲ್ಲಿ, ದೇಶದಲ್ಲೇ ಮೊದಲಿಗರಾಗಿ. ಅಲ್ಲಿಂದ ಕರ್ನಾಟಕಕ್ಕೆ ಆ ದಿನ ಬರಲು ಇನ್ನೂ 41 ವರ್ಷ ಬೇಕಾಯಿತು.

ಬಾರ್‌ನ ಬಾಗಿಲು ಯಾಕೆ ಇಕ್ಕಟ್ಟು ಎಂಬುದಕ್ಕೆ ನಮ್ಮ ಕಡೆಯವರಿಗೆ ಒಂದು ಕಾರಣ ದೂರ. 2008ರ ಜುಲೈ ತನಕ ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಹೈಕೋರ್ಟ್ ಎಂದರೆ ಬೆಂಗಳೂರು. ನಾನು ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಫೈಲಿನ ಚೀಲವನ್ನು ತಲೆದಿಂಬು ಮಾಡಿಕೊಂಡು ಹೋಗುತ್ತಿದ್ದೆ. ಬೆಳಿಗ್ಗೆ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಸೀರೆ ಬದಲಿಸಿ, ಕೊರಳಿಗೆ ವಕೀಲರ ಬಿಳಿ ಬ್ಯಾಂಡ್ ಕಟ್ಟಿಕೊಂಡು, ಕೋರ್ಟ್ ಹಾಲಿಗೆ ಹೋದರೆ ಕೇಸು ಮುಂದಕ್ಕೆ ಹೋಗಿರುತ್ತಿತ್ತು. ಮಗನಿಗೆ ಎಂಟು ತಿಂಗಳಾಗಿದ್ದಾಗ ಮೂರು ಕೇಸಿನ ಕಾಗದವನ್ನು ಬೆಂಗಳೂರಿನ ವಕೀಲರೊಬ್ಬರಿಗೆ ಒಪ್ಪಿಸಿಬಿಟ್ಟೆ. ನನ್ನ ಜೊತೆಯ ಗಂಡಸರೂ ಒಪ್ಪಿಸುತ್ತಿದ್ದರು, ಆದರೆ ಬಸಿರು ಬಾಣಂತನಕ್ಕಾಗಿ ಅಲ್ಲ. ಆ ಮೂರರಲ್ಲಿ ಒಂದರ ತೀರ್ಪು ಕಾನೂನು ವರದಿಯಲ್ಲಿ ಅಚ್ಚಾಯಿತು. ವಾದ ಬರೆದುಕೊಟ್ಟದ್ದು ನಾನು, ಹೆಸರು ಅಲ್ಲಿನವರದು. ಬೇಸರಕ್ಕೆ ಹೇಳುತ್ತಿಲ್ಲ. ಹೈಕೋರ್ಟಿಗೆ ಹೆಸರು ಪರಿಗಣಿಸುವಾಗ ವಕೀಲರ ವಯಸ್ಸು (ಸಾಮಾನ್ಯವಾಗಿ 45ರಿಂದ 55), ವಾರ್ಷಿಕ ಸರಾಸರಿ ಆದಾಯ, ಅವರು ವಾದಿಸಿದ ವರದಿಯಾದ ತೀರ್ಪುಗಳು, ಇವನ್ನೆಲ್ಲ ನೋಡುತ್ತಾರೆ. ಜೀವನಾಂಶದ ಕೇಸು, ಕಾನೂನು ನೆರವಿನ ಕೇಸು ಹೆಚ್ಚಾಗಿ ನಡೆಸುವ ಹೆಣ್ಣುಮಗಳ ಆದಾಯ ಭೂಸ್ವಾಧೀನದ, ಗಣಿ ಕೇಸುಗಳ ವಕೀಲರ ಪಕ್ಕದಲ್ಲಿಟ್ಟರೆ ಎಲ್ಲಿ ನಿಲ್ಲುತ್ತದೆ?

ಧಾರವಾಡ, ಕಲಬುರಗಿಯ ಸಂಚಾರಿ ಪೀಠಗಳು 2008ರಲ್ಲಿ ಬಂದವು, 2013ರ ಆಗಸ್ಟ್‌ನಲ್ಲಿ ಕಾಯಂ ಆದವು. ಕೊಪ್ಪಳ, ಬಳ್ಳಾರಿ ಧಾರವಾಡಕ್ಕೆ ಸೇರಿದವು, ರಾಯಚೂರು ಕಲಬುರಗಿಗೆ. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು ಎಂಬ ಒಂದೇ ಸಂಗತಿ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೈಕೋರ್ಟ್ ವಕೀಲಿಕೆಯನ್ನು ಸಾಧ್ಯ ಮಾಡಿತು. ಇದರ ಫಲ ಕೊಲಿಜಿಯಂ ಪಟ್ಟಿಯಲ್ಲಿ ಕಾಣಬೇಕಾದದ್ದು ಇನ್ನು ಮುಂದೆ, ನಿಮ್ಮ ತಲೆಮಾರಿನಲ್ಲಿ. ಬಾರ್ ಸಂಘಗಳಲ್ಲೂ ಸ್ವಲ್ಪ ಗಾಳಿಯಾಡುತ್ತಿದೆ. ಬೆಂಗಳೂರು ವಕೀಲರ ಸಂಘಕ್ಕೆ ಹೇಳಿದ್ದನ್ನೇ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಜಿಲ್ಲಾ ವಕೀಲರ ಸಂಘಗಳಿಗೂ ವಿಸ್ತರಿಸಿತು: ಖಜಾಂಚಿ ಹುದ್ದೆ ಮಹಿಳೆಗೆ, ಆಡಳಿತ ಮಂಡಳಿಯಲ್ಲಿ ಶೇ 30 ಸ್ಥಾನ ಮಹಿಳೆಯರಿಗೆ. ಟೀ ತಂದುಕೊಡುವ ಹುಡುಗನೂ "ಸಾರ್, ಖಜಾಂಚಿ ಮೇಡಂ ಸಹಿ ಬೇಕಂತೆ" ಅನ್ನುವುದನ್ನು ಮೊದಲ ಸಲ ಕೇಳಿದಾಗ ನನಗೆ ಆದ ಸಂತೋಷ ಹೇಳತೀರದು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಹೆಣ್ಣು ಕೂತರೆ ಬದಲಾಗುತ್ತದೆಯೇ ಎಂಬುದು. ಹೆಣ್ಣು ಜಡ್ಜ್ ಬಂದರೆ ಹೆಂಗಸರ ಪರ ತೀರ್ಪು ಎಂದು ಕಕ್ಷಿದಾರರು ಹೇಳುತ್ತಾರೆ, ಕೆಲವು ವಕೀಲರೂ ಹೇಳುತ್ತಾರೆ. ಅದು ಸುಳ್ಳು. ನಮ್ಮ ದೇಶದ ಕೆಳ ನ್ಯಾಯಾಲಯಗಳ ಲಕ್ಷಾಂತರ ಕ್ರಿಮಿನಲ್ ಕೇಸುಗಳನ್ನು ತಾಳೆ ಹಾಕಿ ನೋಡಿದ ಸಂಶೋಧಕರಿಗೆ, ನ್ಯಾಯಾಧೀಶರು ತಮ್ಮದೇ ಲಿಂಗದ ಆರೋಪಿಯತ್ತ ವಾಲುತ್ತಾರೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯಗಳ ಕುರಿತು 2010ರಲ್ಲಿ ಬಂದ ಒಂದು ಅಧ್ಯಯನ ಹದಿಮೂರು ಬಗೆಯ ಕೇಸುಗಳನ್ನು ನೋಡಿತು. ವ್ಯತ್ಯಾಸ ಸ್ಪಷ್ಟವಾಗಿ ಕಂಡದ್ದು ಲಿಂಗ ತಾರತಮ್ಯದ ಕೇಸುಗಳಲ್ಲಿ ಮಾತ್ರ. ಅಲ್ಲಿ ಮಹಿಳಾ ನ್ಯಾಯಾಧೀಶರ ಜೊತೆ ಒಂದೇ ಪೀಠದಲ್ಲಿ ಕೂತ ಗಂಡಸರ ತೀರ್ಪೂ ಬದಲಾಗಿತ್ತು.

ಆ ಕೊನೆಯ ಮಾತು ನನಗೆ ಧಾರವಾಡದಲ್ಲಿ ಕಣ್ಣಾರೆ ಕಂಡದ್ದು. ಸಿರುಗುಪ್ಪ ಕಡೆಯ ಹೆಣ್ಣುಮಗಳೊಬ್ಬಳ ವಿಚ್ಛೇದನ ಮತ್ತು ಕಾಯಂ ಜೀವನಾಂಶದ ಮೇಲ್ಮನವಿ. ಕೌಟುಂಬಿಕ ನ್ಯಾಯಾಲಯದ ಡಿಕ್ರಿಯ ಮೇಲಿನ ಮೇಲ್ಮನವಿ ವಿಭಾಗೀಯ ಪೀಠಕ್ಕೇ ಬರಬೇಕು. ಹಿರಿಯ ನ್ಯಾಯಮೂರ್ತಿ ಪುರುಷರು, ಪಕ್ಕದಲ್ಲಿ ಕಿರಿಯರಾಗಿ ಮಹಿಳೆ. ಗಂಡನ ಕಡೆಯ ವಕೀಲರು, "ಆಕೆಗೆ ಎರಡು ಎಮ್ಮೆ ಇವೆ, ಡೇರಿಗೆ ಹಾಲು ಹಾಕ್ತಾಳೆ, ಸ್ವಂತ ಆದಾಯ ಇದೆ" ಎಂದು ಡೇರಿಯ ಪುಸ್ತಕ ತೋರಿಸಿದರು. ಅಂಕಿಗಳು ಚೆನ್ನಾಗಿಯೇ ಇದ್ದವು. ನಾನು ಉತ್ತರ ಹುಡುಕುತ್ತಿರುವಾಗ ಕಿರಿಯ ನ್ಯಾಯಮೂರ್ತಿ ಕೇಳಿದರು: "ಹಿಂಡಿ ಎಷ್ಟಕ್ಕೆ ತರ್ತಾರೆ? ಮೇವು ಯಾರು ತರೋದು? ಎಮ್ಮೆ ಗಬ್ಬ ಇದ್ದಾಗ ಹಾಲು ಇರುತ್ತಾ?" ವಕೀಲರ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಹಿರಿಯರು ಪುಸ್ತಕ ತರಿಸಿಕೊಂಡು ಪುಟ ತಿರುವಿ, "ಮೂರು ತಿಂಗಳು ಖಾಲಿ ಇದೆಯಲ್ರೀ, ಆವಾಗ ಏನು ತಿಂದ್ರು?" ಎಂದರು. ತೀರ್ಪು ಅಂದೇ ಬರಲಿಲ್ಲ. ಆದರೆ ಆ ಅರ್ಧ ಗಂಟೆಯಲ್ಲಿ ಒಬ್ಬರ ಪ್ರಶ್ನೆ ಇನ್ನೊಬ್ಬರ ಪ್ರಶ್ನೆಯಾಯಿತು. ಹೆಣ್ಣುಮಕ್ಕಳು ಪೀಠದಲ್ಲಿರಬೇಕು ಎಂದು ನಾನು ಹೇಳುವುದು ಇದಕ್ಕಾಗಿ. ಎಮ್ಮೆ ಕಟ್ಟಿದ ಮನೆಯಿಂದ ಬಂದ ಗಂಡಸೂ ಆ ಪ್ರಶ್ನೆ ಕೇಳಬಹುದಿತ್ತು, ನಿಜ. ಆ ದಿನ ಕೇಳಿದ್ದು ಅವರು.

ಹಾಗೆಂದು ಎಲ್ಲವೂ ಹೆಣ್ಣುಮಕ್ಕಳಿಂದಲೇ ಸರಿಹೋಗುತ್ತದೆ ಎಂದುಕೊಳ್ಳಬೇಡಿ. 2020ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಲೈಂಗಿಕ ಕಿರುಕುಳದ ಆರೋಪಿಗೆ, ದೂರುದಾರಳ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕು ಎಂಬ ಷರತ್ತು ಹಾಕಿ ಜಾಮೀನು ಕೊಟ್ಟಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಒಂಬತ್ತು ಮಹಿಳಾ ವಕೀಲರು. 2021ರ ಮಾರ್ಚ್‌ನಲ್ಲಿ ಆ ಷರತ್ತು ರದ್ದು ಮಾಡಿ, ಜಾಮೀನು ಆದೇಶಗಳಲ್ಲಿ ಹೆಣ್ಣಿನ ನಡತೆ, ಉಡುಪಿನ ಬಗ್ಗೆ ಟೀಕೆ ಮಾಡಬಾರದು ಎಂದು ಬರೆದವರು ಇಬ್ಬರು ಪುರುಷ ನ್ಯಾಯಮೂರ್ತಿಗಳು. ನಮ್ಮ ಹೈಕೋರ್ಟೂ ಇದರಿಂದ ಹೊರತಲ್ಲ. 2020ರಲ್ಲಿ ಒಂದು ಜಾಮೀನು ಆದೇಶದಲ್ಲಿ, ಅತ್ಯಾಚಾರವಾದ ಮೇಲೆ ದಣಿದು ಮಲಗಿದೆ ಎಂಬ ಹೆಣ್ಣುಮಗಳ ಹೇಳಿಕೆ ಭಾರತೀಯ ನಾರಿಗೆ ತಕ್ಕದ್ದಲ್ಲ ಎಂಬ ಸಾಲು ಬಂದಿತ್ತು, ಆಮೇಲೆ ಅಳಿಸಲಾಯಿತು. 2024ರಲ್ಲಿ ಮಹಿಳಾ ವಕೀಲರೊಬ್ಬರಿಗೆ ಪೀಠದಿಂದ ಬಂದ ಮಾತು ವಿಡಿಯೋ ಆಗಿ ಊರೆಲ್ಲ ಹರಡಿ, ಸುಪ್ರೀಂ ಕೋರ್ಟ್ ತಾನೇ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳು ವಿಷಾದ ಹೇಳಿದ ಮೇಲೆ ಮುಗಿಯಿತು.

ಹೈಕೋರ್ಟಿನಲ್ಲಿ ಕೂತವರ ಮನಸ್ಸು ಹೇಗಿದೆ ಎಂಬುದು ಕಕ್ಷಿದಾರರಿಗಿಂತ ಮೊದಲು ತಟ್ಟುವುದು ಜಿಲ್ಲೆಯ ಮಹಿಳಾ ನ್ಯಾಯಾಧೀಶರಿಗೆ. ಸಂವಿಧಾನದ 235ನೇ ವಿಧಿಯಂತೆ ಅವರ ವರ್ಗಾವಣೆ, ರಜೆ, ಬಡ್ತಿ, ಶಿಸ್ತು ಎಲ್ಲವೂ ಹೈಕೋರ್ಟಿನ ಕೈಯಲ್ಲಿ. ಮಧ್ಯಪ್ರದೇಶದ ಗ್ವಾಲಿಯರಿನ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶೆಯೊಬ್ಬರನ್ನು 2014ರಲ್ಲಿ ವರ್ಷದ ನಡುವೆ ದೂರದ ಸೀಧಿಗೆ ವರ್ಗ ಮಾಡಿದರು. ಮಗಳು 12ನೇ ತರಗತಿ, ಆ ಶೈಕ್ಷಣಿಕ ವರ್ಷ ಮುಗಿಯುವ ತನಕ ತಡೆಯಿರಿ ಎಂದು ಕೇಳಿಕೊಂಡರು. ಆಗಲಿಲ್ಲ. ರಾಜೀನಾಮೆ ಕೊಟ್ಟರು. ಅವರು ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಮೇಲೆ ಮಾಡಿದ್ದ ಕಿರುಕುಳದ ಆರೋಪ ಸಾಬೀತಾಗಲಿಲ್ಲವೆಂದು ವಿಚಾರಣಾ ಸಮಿತಿ ಹೇಳಿತು. ವರ್ಗಾವಣೆ ಮಾತ್ರ ಸರಿಯಾಗಿರಲಿಲ್ಲ ಎಂದೂ ಹೇಳಿತು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ರಾಜೀನಾಮೆ ಸ್ವಇಚ್ಛೆಯದಲ್ಲ ಎಂದು ಅವರನ್ನು ಮತ್ತೆ ಸೇವೆಗೆ ತೆಗೆದುಕೊಳ್ಳಲು ಆದೇಶಿಸಿತು. ಏಳೂವರೆ ವರ್ಷ ಕಳೆದಿತ್ತು. ಅದೇ ರಾಜ್ಯದಲ್ಲಿ 2023ರಲ್ಲಿ ಆರು ಮಹಿಳಾ ಸಿವಿಲ್ ನ್ಯಾಯಾಧೀಶರನ್ನು ಪ್ರೊಬೇಷನ್ ಅವಧಿಯಲ್ಲೇ ಕೆಲಸದಿಂದ ತೆಗೆದರು. ಅವರಲ್ಲಿ ಒಬ್ಬರಿಗೆ ಗರ್ಭಪಾತವಾಗಿತ್ತು, ಕೇಸು ವಿಲೇವಾರಿ ಕಡಿಮೆ ಎಂದು ಲೆಕ್ಕ ಹಿಡಿದಿದ್ದರು. ನ್ಯಾಯಮೂರ್ತಿ ನಾಗರತ್ನ ಅವರಿದ್ದ ಪೀಠ 2025ರ ಫೆಬ್ರುವರಿಯಲ್ಲಿ, ಆ ಆರರಲ್ಲಿ ಇಬ್ಬರನ್ನು ತೆಗೆದ ಆದೇಶ ರದ್ದು ಮಾಡಿತು. ವಿಚಾರಣೆಯ ವೇಳೆ ಅವರು, ಗಂಡಸರಿಗೂ ಮುಟ್ಟಾಗುತ್ತಿದ್ದರೆ ಗೊತ್ತಾಗುತ್ತಿತ್ತು ಎಂಬರ್ಥದ ಮಾತು ಆಡಿದ್ದರು. ವಿಲೇವಾರಿಯ ಲೆಕ್ಕ ಹಿಡಿಯುವ ಕೋಣೆಯಲ್ಲಿ ಬಸಿರು ಗೊತ್ತಿರುವ ಒಬ್ಬರಾದರೂ ಹಿರಿಯರ ಕುರ್ಚಿಯಲ್ಲಿ ಇದ್ದಿದ್ದರೆ ಇದು ದೆಹಲಿ ತನಕ ಹೋಗುತ್ತಿತ್ತೇ? ನನಗೆ ಹಾಗನ್ನಿಸುವುದಿಲ್ಲ.

ಕರೆಯುವ ಬಗೆಯನ್ನೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಧಾರವಾಡದಲ್ಲಿ ನೀವು ತಡವರಿಸಿರುತ್ತೀರಿ. ಮಹಿಳಾ ನ್ಯಾಯಮೂರ್ತಿಗೂ "ಮೈ ಲಾರ್ಡ್" ಎನ್ನುವ ಅಭ್ಯಾಸ ಬಹಳ ಜನರದು. ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಜ್ಯೋತಿ ಮೂಲಿಮನಿ ಅವರು 2021ರಲ್ಲೇ ಅದು ಬೇಡ ಎಂದು ತಿಳಿಸಿದ್ದರು. ಕೊಪ್ಪಳದ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದ ಅಜ್ಜಿ "ಹೌದ್ರೀ ಅಮ್ಮಾರೆ" ಎಂದಾಗ ಪುಕಾರು ಕೂಗುವವರು "ಮಹಾಸ್ವಾಮಿ ಅನ್ನು" ಎಂದು ತಿದ್ದುವುದನ್ನು ನೀವೂ ನೋಡಿರುತ್ತೀರಿ. ಅಜ್ಜಿ ಹೇಳಿದ್ದೇ ಸರಿ ಎಂದು ನನ್ನ ಅಭಿಪ್ರಾಯ.

ಈಗ ನಿಮ್ಮ ದಾರಿ. ನಿಮ್ಮ ಮನೆಯಲ್ಲಿ ವಕೀಲರು ಯಾರೂ ಇಲ್ಲ ಎಂದು ಪತ್ರದ ಧಾಟಿಯಿಂದ ಅಂದುಕೊಂಡಿದ್ದೇನೆ. ಹಾಗಿದ್ದರೆ ಬರೀ ಬಾರ್‌ನ ದಾರಿ ನೆಚ್ಚಿಕೊಳ್ಳಿ ಎನ್ನುವ ಧೈರ್ಯ ನನಗಿಲ್ಲ. ಮೊದಲು ಸಿವಿಲ್ ಜಡ್ಜ್ ಪರೀಕ್ಷೆ ಬರೆಯಿರಿ. ಸುಪ್ರೀಂ ಕೋರ್ಟಿನ 2025ರ ಮೇ ತಿಂಗಳ ತೀರ್ಪಿನಿಂದ ಮೂರು ವರ್ಷದ ವಕೀಲಿಕೆ ಮತ್ತೆ ಕಡ್ಡಾಯವಾಗಿದೆ, ಅದು ನಿಮಗೆ ಆಗಿದೆ. ಮುಂಚೆಯಾಗಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ, ಯಾಕೆಂದರೆ ಒಮ್ಮೆ ಸೇವೆಗೆ ಸೇರಿದವರಿಗೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಯ ಬಾಗಿಲು ಮುಚ್ಚಿಬಿಡುತ್ತಿತ್ತು. 2025ರ ಅಕ್ಟೋಬರ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ಬಾಗಿಲು ತೆರೆಯಿತು. ವಕೀಲಿಕೆ, ಸೇವೆ ಎರಡೂ ಸೇರಿ ಏಳು ವರ್ಷ ಅನುಭವ, ವಯಸ್ಸು ಕನಿಷ್ಠ 35 ಇದ್ದರೆ ಸೇವೆಯಲ್ಲಿರುವವರೂ ನೇರ ನೇಮಕಾತಿಗೆ ಅರ್ಜಿ ಹಾಕಬಹುದು. ಬಡ್ತಿಗೆ ಕಾಯುತ್ತಾ ಕೂರಬೇಡಿ. 35 ತುಂಬಿದ ವರ್ಷವೇ ಆ ಪರೀಕ್ಷೆಗೆ ಕೂರಿ. ಮಂಜುಳಾ ಚೆಲ್ಲೂರ್ ಹೋದದ್ದೂ ನೇರ ನೇಮಕಾತಿಯ ಬಾಗಿಲಿನಿಂದಲೇ. ಹತ್ತು ವರ್ಷ ಮುಂಚೆ ಜಿಲ್ಲಾ ನ್ಯಾಯಾಧೀಶೆಯಾದರೆ ಹೈಕೋರ್ಟಿನಲ್ಲಿ ನಿಮ್ಮ ಕುರ್ಚಿಯ ಜಾಗವೇ ಬೇರೆಯಾಗುತ್ತದೆ.

ಪರೀಕ್ಷೆ ಪಾಸಾಗುವ ತನಕ ಸೀನಿಯರ್ ಹೇಳಿದಂತೆ ಪ್ರಾಕ್ಟೀಸ್ ಬಿಡಬೇಡಿ, ತಿಂಗಳಿಗೊಮ್ಮೆಯಾದರೂ ಧಾರವಾಡಕ್ಕೆ ಹೋಗಿ. ಒಂದು ಕೇಸಿನಲ್ಲಾದರೂ ನೀವೇ ಎದ್ದು ನಿಂತು ವಾದಿಸಿ. ವಕಾಲತ್ತಿನಲ್ಲಿ ಸೀನಿಯರ್ ಹೆಸರಿನ ಕೆಳಗೆ ನಿಮ್ಮ ಹೆಸರು, ನೋಂದಣಿ ಸಂಖ್ಯೆ ಬರೆದು ಸಹಿ ಮಾಡಿ, ವಾದಿಸಿದ ದಿನ ಕೋರ್ಟ್ ಅಧಿಕಾರಿಗೆ ಹೆಸರು ಸರಿಯಾಗಿ ಬರೆಸಿ. ನಿಮ್ಮ ಸೀನಿಯರ್ ಒಳ್ಳೆಯವರೆಂದು ಕಾಣುತ್ತದೆ, ಬೇಡ ಅನ್ನಲಾರರು. ಆದೇಶದ ಪ್ರತಿ ಬಂದಾಗ ಮೊದಲ ಪುಟ ತೆರೆದು ನೋಡಿ. ನಿಮ್ಮ ಹೆಸರು ಬಿಟ್ಟುಹೋಗಿದ್ದರೆ ಅದೇ ವಾರ ಮೆಮೋ ಹಾಕಿ ಸೇರಿಸಿ ಎಂದು ಕೇಳಿ.